ಕರೆಯದ ಫೋನಿನತ್ತ ಕೈ ಹೋಗುವುದೇಕೆ?

ರಾತ್ರಿಯ ಊಟಕ್ಕೆ ಕುಳಿತ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತಂದೆಯ ತಟ್ಟೆಯ ಪಕ್ಕದಲ್ಲಿ ಅವರ ಸ್ಮಾರ್ಟ್‌ಫೋನಿದೆ. ಅದು ಸದ್ದು ಮಾಡಿಲ್ಲ, ಯಾರೂ ಕರೆದಿಲ್ಲ. ಆದರೂ ಎರಡು ತುತ್ತುಗಳ ನಡುವೆ ಅವರ ಎಡಗೈ ಅದನ್ನು ಎತ್ತುತ್ತದೆ, ಕಣ್ಣು ನೋಡುತ್ತದೆ, ಕೈ ಮತ್ತೆ ಕೆಳಗಿಡುತ್ತದೆ. ಕಾಲೇಜಿನ ಸಂಗತಿಯೊಂದನ್ನು ಹೇಳುತ್ತಿದ್ದ ಮಗಳು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಅವಳ ಕೈಯೂ ತನ್ನ ಫೋನಿನ ಮೇಲಿರುತ್ತದೆ. ಇದು ಕಿರಿಯರ ದುರಭ್ಯಾಸವೆಂದು ಹಿರಿಯರೂ, ಹಿರಿಯರಿಂದಲೇ ಕಲಿತದ್ದೆಂದು ಕಿರಿಯರೂ ವಾದಿಸುತ್ತಾರೆ.

ಇಂತಹ ವಾದಗಳಿಂದ ಬೇಸತ್ತ ಕೆಲವು ಕುಟುಂಬಗಳು ಸ್ಮಾರ್ಟ್‌ಫೋನನ್ನು ಬದಿಗಿಟ್ಟು, ಮಾತಿಗೂ ಕಿರುಸಂದೇಶಕ್ಕೂ ಮಾತ್ರ ಒದಗುವ ಕೀಪ್ಯಾಡ್ ಫೋನಿಗೆ ಮರಳುತ್ತಿವೆ. ಇದು ಹಳೆಯ ಕಾಲದ ಹಂಬಲ ಮಾತ್ರವೆ, ಅಥವಾ ಇದಕ್ಕೆ ವಿಜ್ಞಾನದ ಆಧಾರವೂ ಉಂಟೆ? ವಿಚಾರಿಸೋಣ.

ಪಾರಿವಾಳ ಕಲಿಸಿದ ಪಾಠ

ಅಮೆರಿಕದ ಮನೋವಿಜ್ಞಾನಿಗಳಾದ ಬಿ. ಎಫ್. ಸ್ಕಿನ್ನರ್ ಮತ್ತು ಸಿ. ಬಿ. ಫರ್ಸ್ಟರ್ ಅವರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ದೊಡ್ಡ ಗ್ರಂಥವೊಂದು 1957ರಲ್ಲಿ ಪ್ರಕಟವಾಯಿತು. ಪೆಟ್ಟಿಗೆಯೊಳಗಿನ ಹಕ್ಕಿಯು ಗೋಡೆಯಲ್ಲಿರುವ ಬಿಲ್ಲೆಯನ್ನು ಕುಕ್ಕಿದರೆ ಕಾಳು ದೊರೆಯುವ ಏರ್ಪಾಡು ಅಲ್ಲಿತ್ತು. ಇಂತಿಷ್ಟು ಸಲ ಕುಕ್ಕಿದರೆ ಒಮ್ಮೆ ಕಾಳು ಎಂಬ ನಿಯಮವಿದ್ದಾಗ, ಹಕ್ಕಿಯು ಕಾಳು ತಿಂದ ಬಳಿಕ ತುಸು ವಿರಮಿಸುತ್ತಿತ್ತು. ಎಷ್ಟನೆಯ ಕುಕ್ಕಿಗೆ ಕಾಳು ಬೀಳುವುದೆಂಬುದು ತಿಳಿಯದಂತೆ ಮಾಡಿದಾಗಲಾದರೋ, ಅದು ಬಿಡುವಿಲ್ಲದೆ ಕುಕ್ಕತೊಡಗಿತು. ಕಾಳು ಕೊಡುವುದನ್ನೇ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು.

ಇದಕ್ಕೆ ಹೊಂದುವ ಸಂಗತಿಯೊಂದು ಮಿದುಳಿನಲ್ಲಿಯೂ ಕಂಡುಬಂದಿದೆ. ವುಲ್ಫ್ರಾಮ್ ಶುಲ್ಟ್ಸ್ ಮತ್ತು ಅವರ ಸಂಗಡಿಗರು ಕೋತಿಗಳಿಗೆ ಚಿತ್ರವೊಂದನ್ನು ತೋರಿಸಿ, ಅನಂತರ ಪಾನೀಯ ಕೊಡುತ್ತಿದ್ದರು. ಪಾನೀಯವು ಬರಲೂಬಹುದು, ಬಾರದಿರಲೂಬಹುದು ಎಂಬ ಸ್ಥಿತಿಯಲ್ಲಿ, ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಚಟುವಟಿಕೆಯು ಕಾಯುವ ಹೊತ್ತಿನಲ್ಲಿ ಕ್ರಮೇಣ ಏರುತ್ತಿತ್ತು. ಎರಡೂ ಸಾಧ್ಯತೆಗಳು ಸಮಸಮವಾಗಿದ್ದಾಗ ಈ ಏರಿಕೆ ಅತ್ಯಧಿಕವಾಗಿತ್ತು ಎಂದು 2003ರಲ್ಲಿ ಅವರು ವರದಿ ಮಾಡಿದರು.

ಮನುಷ್ಯನು ಪಾರಿವಾಳವಲ್ಲ, ಆದರೆ ಕಲಿಕೆಯ ಈ ನಿಯಮಕ್ಕೆ ಅವನೂ ಹೊರತಲ್ಲ. ಸ್ಮಾರ್ಟ್‌ಫೋನಿನ ಪರದೆಯನ್ನು ಒಮ್ಮೆ ಸರಿಸಿದರೆ ಗೆಳೆಯನ ಸಂದೇಶವಿದ್ದೀತು, ಮತ್ತೊಮ್ಮೆ ಏನೂ ಇಲ್ಲದಿದ್ದೀತು. ಹಳೆಯ ದೂರವಾಣಿಗೂ ಇದಕ್ಕೂ ಇರುವ ಮುಖ್ಯ ಭೇದವು ಇಲ್ಲಿದೆ. ಸರಳ ಫೋನು ತಾನಾಗಿ ನಮ್ಮನ್ನು ಕರೆಯುತ್ತದೆ. ಅದು ಸುಮ್ಮನಿದ್ದರೆ ಅದರಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂದು ನಮಗೆ ನಿಶ್ಚಯವಾಗಿ ತಿಳಿದಿದೆ. ಸ್ಮಾರ್ಟ್‌ಫೋನು ಸುಮ್ಮನಿದ್ದರೂ ಈ ನಿಶ್ಚಯವಿಲ್ಲ. ಆದುದರಿಂದಲೇ ಕೈ ಅದರತ್ತ ಹೋಗುತ್ತದೆ.

ಎರಡು ವಾರಗಳ ಪರೀಕ್ಷೆ

ಈ ಅನಿಶ್ಚಯವನ್ನು ತೆಗೆದುಹಾಕಿದರೆ ಏನಾದೀತು? ಇದಕ್ಕೆ ಉತ್ತರ ನೀಡುವ ಪ್ರಯೋಗವೊಂದರ ವರದಿಯು 2025ರಲ್ಲಿ ‘ಪಿಎನ್‌ಎಎಸ್ ನೆಕ್ಸಸ್’ ಪತ್ರಿಕೆಯಲ್ಲಿ ಬಂದಿದೆ. ಇದರಲ್ಲಿ 467 ಜನರು ಭಾಗವಹಿಸಿದ್ದರು. ಎರಡು ವಾರಗಳ ಕಾಲ ಅವರ ಫೋನುಗಳಲ್ಲಿ ಅಂತರ್ಜಾಲವನ್ನು ಮಾತ್ರ ತಡೆಯಲಾಯಿತು. ಕರೆ ಮತ್ತು ಕಿರುಸಂದೇಶಗಳಿಗೆ ಅಡ್ಡಿಯಿರಲಿಲ್ಲ. ಕಂಪ್ಯೂಟರಿನಲ್ಲಿ ಅಂತರ್ಜಾಲವನ್ನು ಬಳಸಲೂ ಅವಕಾಶವಿತ್ತು. ಎಂದರೆ, ಸ್ಮಾರ್ಟ್‌ಫೋನನ್ನೇ ಸರಳ ಫೋನಾಗಿ ಮಾರ್ಪಡಿಸಿದಂತಾಯಿತು. ಅವರ ಅವಧಾನಶಕ್ತಿ, ಮಾನಸಿಕ ಆರೋಗ್ಯ, ನೆಮ್ಮದಿ ಈ ಮೂರೂ ಸರಾಸರಿಯಲ್ಲಿ ಉತ್ತಮಗೊಂಡವು. ಉಳಿದ ಸಮಯವು ಜನರನ್ನು ಮುಖತಃ ಕಂಡು ಮಾತನಾಡುವುದಕ್ಕೂ ವ್ಯಾಯಾಮಕ್ಕೂ ಹೊರಗಿನ ಓಡಾಟಕ್ಕೂ ಹೆಚ್ಚಾಗಿ ಸಂದಿತು.

ಆದರೆ ಅದೇ ವರದಿಯ ಇನ್ನೊಂದು ಅಂಶವನ್ನು ಮರೆಯಬಾರದು. ಸುಮಾರು ಕಾಲುಭಾಗದಷ್ಟು ಜನರು ಮಾತ್ರ ಈ ತಡೆಯನ್ನು ಕನಿಷ್ಠ 10 ದಿನಗಳ ಕಾಲ ಉಳಿಸಿಕೊಂಡರು. ತಾನೇ ಹಾಕಿದ ಬೀಗದ ಕೀಲಿಕೈ ತನ್ನ ಕೈಯಲ್ಲೇ ಇದ್ದರೆ, ಬೀಗವನ್ನು ತೆರೆಯದಿರುವುದು ಕಷ್ಟ. ಸ್ಮಾರ್ಟ್‌ಫೋನಿನಲ್ಲೇ ಮಿತಿ ಹಾಕಿಕೊಳ್ಳುವುದಕ್ಕಿಂತ ಬೇರೆ ಫೋನನ್ನು ಹಿಡಿಯುವುದು ಕೆಲವರಿಗೆ ಸುಲಭವಾಗಿ ತೋರುವುದು ಇದರಿಂದಲೇ ಇರಬಹುದು.

ಬಿಟ್ಟರೆ ತೊಂದರೆಯೇನು?

ತೊಂದರೆಗಳಿಲ್ಲದಿಲ್ಲ. ತರಗತಿಯ ವಾಟ್ಸಾಪ್ ಗುಂಪು, ದಾರಿ ತೋರಿಸುವ ನಕ್ಷೆ, ಅಂಗಡಿಯ ಕ್ಯೂಆರ್ ಕೋಡು, ಇವು ಸಾಮಾನ್ಯ ಕೀಪ್ಯಾಡ್ ಫೋನಿಗೆ ಒದಗುವುದಿಲ್ಲ. ಒಟಿಪಿ ಮಾತ್ರ ಕಿರುಸಂದೇಶವಾಗಿ ಬರುತ್ತದೆ. ಅಂತರ್ಜಾಲವಿಲ್ಲದೆ ಹಣ ಕಳುಹಿಸಲು ‘ಯುಪಿಐ 123ಪೇ’ ಎಂಬ ವ್ಯವಸ್ಥೆಯು 2022ರಿಂದ ಇದೆ. ಕೀಪ್ಯಾಡ್ ಇದ್ದ ಮಾತ್ರಕ್ಕೆ ಫೋನು ಸರಳವಾಗದು. ವಿಡಿಯೊ ತೋರಿಸುವ ಕೀಪ್ಯಾಡ್ ಫೋನುಗಳೂ ಉಂಟು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನನ್ನು ಹಜಾರದ ಒಂದೆಡೆ ಇರಿಸಿ, ಕೆಲಸವಿದ್ದಾಗ ಅಲ್ಲಿಗೆ ಹೋಗಿ ಬಳಸುವುದು ಮಧ್ಯಮಮಾರ್ಗವಾದೀತು.

ಒಬ್ಬನೇ ಬಿಡುವುದಕ್ಕಿಂತ ಹಲವರು ಕೂಡಿ ಬಿಡುವುದು ಸುಲಭ. ಗೆಳೆಯರೆಲ್ಲರ ಬಳಿ ಇರುವ ವಸ್ತುವು ತನ್ನ ಬಳಿ ಮಾತ್ರ ಇಲ್ಲದಿದ್ದರೆ ಹುಡುಗನು ಒಂಟಿಯಾಗುತ್ತಾನೆ. ಐರ್ಲೆಂಡಿನ ಗ್ರೇಸ್ಟೋನ್ಸ್ ಪಟ್ಟಣದ ಎಂಟು ಪ್ರಾಥಮಿಕ ಶಾಲೆಗಳ ಪಾಲಕರ ಸಂಘಗಳು ಇದನ್ನರಿತು, ಪ್ರೌಢಶಾಲೆ ಸೇರುವವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನು ಕೊಡಿಸಬಾರದೆಂಬ ಸ್ವಯಂಪ್ರೇರಿತ ಒಪ್ಪಂದವನ್ನು 2023ರಲ್ಲಿ ಮಾಡಿಕೊಂಡವು. ಮನೆಯೊಳಗೂ ಇದೇ ನ್ಯಾಯ. ತಂದೆತಾಯಿಗಳು ತಮ್ಮ ಫೋನನ್ನು ಕೆಳಗಿಡದೆ ಮಕ್ಕಳ ಫೋನನ್ನು ಕಿತ್ತುಕೊಂಡರೆ ಜಗಳ ಉಳಿಯುತ್ತದೆ, ಅಭ್ಯಾಸವೂ ಉಳಿಯುತ್ತದೆ. ಗೀಳು ಕೈಮೀರಿದವರಿಗೆ ನೆರವಾಗಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರತ್ಯೇಕ ಚಿಕಿತ್ಸಾಲಯವೇ ಇದೆ.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳು ಸುಲಭವಾದ ಪ್ರಯೋಗವೊಂದನ್ನು ಮನೆಯಲ್ಲೇ ಮಾಡಬಹುದು. ಮೂರು ದಿನಗಳ ಕಾಲ, ಫೋನು ಕರೆಯದೆಯೇ ಅದನ್ನು ಎಷ್ಟು ಸಲ ಎತ್ತಿಕೊಂಡಿರೆಂದು ಕಾಗದದ ಮೇಲೆ ಗೀಟು ಹಾಕುತ್ತ ಬನ್ನಿ. ಮನೆಯ ಹಿರಿಯರೂ ತಮ್ಮ ಲೆಕ್ಕವಿಡಲಿ. ಬಳಿಕ ಸಿಮ್ ಅನ್ನು ಸರಳ ಫೋನಿಗೆ ಹಾಕಿ, ಎರಡು ವಾರಗಳ ನಂತರ ಅದೇ ಲೆಕ್ಕವನ್ನು ಮತ್ತೆ ತೆಗೆಯಿರಿ. ಗೀಟುಗಳ ಜೊತೆಗೆ ಇನ್ನೊಂದನ್ನೂ ಬರೆದಿಡಿ: ಆ ದಿನದ ಊಟದ ಹೊತ್ತಿನಲ್ಲಿ ಆರಂಭವಾದ ಮಾತುಗಳಲ್ಲಿ ಎಷ್ಟು ಕೊನೆಯವರೆಗೆ ನಡೆದವು?