ತಲೆಯ ಸ್ಕ್ಯಾನ್ ಏನು ತೋರಿಸುತ್ತೆ, ಏನು ತೋರಿಸಲ್ಲ?



ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇದೆ ಎಂದು ತಿಳಿದರೆ ಮನೆಯವರು ಕೇಳುವ ಮೊದಲ ಮಾತು, "ತಲೆ ಸ್ಕ್ಯಾನ್ ಮಾಡಿಸೋಣ್ವಾ ಡಾಕ್ಟ್ರೇ?" ಅದಕ್ಕೆಂದೇ ಸಂಘದಲ್ಲಿ ಸಾಲ ಕೇಳುವವರೂ ಉಂಟು. ಹಾಗಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಕಾಯಿಲೆ ಹೆಚ್ಚಾಗಿ ಹರೆಯದಲ್ಲಿ ಶುರುವಾಗುತ್ತದೆ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತದೆ. ಊಟದಲ್ಲಿ ವಿಷ ಹಾಕಿದ್ದಾರೆ ಎಂಬ ಅನುಮಾನ ಬರುತ್ತದೆ. ಕೆಲವರು ಸ್ನಾನ, ಕೆಲಸ ಬಿಟ್ಟು ಮೂಲೆ ಹಿಡಿಯುತ್ತಾರೆ. ನೋಡಿದವರು ಮಾಟ ಅಂತಾರೆ, ಇಲ್ಲವೇ "ಎಲ್ಲಾ ನಾಟಕ" ಅಂತಾರೆ.

ನಾಟಕವಲ್ಲ ಎಂದು ತೋರಿಸಿದ್ದೇ ಸ್ಕ್ಯಾನ್ ಸಂಶೋಧನೆ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಅದನ್ನು ಯಂತ್ರ ಹಿಡಿಯುತ್ತದೆ. 1993ರಲ್ಲಿ ಲಂಡನ್ನಿನ ಸಂಶೋಧಕರು ರೋಗಿಗಳಿಗೆ ದನಿ ಕೇಳಿಸುತ್ತಿದ್ದಾಗಲೇ ನೋಡಿದರು. ನಾವು ಮಾತಾಡಲು ಬಳಸುವ ಮಿದುಳಿನ ಭಾಗ ಆಗ ಚುರುಕಾಗಿತ್ತು. ಅಂದರೆ ಆ ಮಾತು ಅವರ ಮಿದುಳಿನಲ್ಲೇ ಹುಟ್ಟುತ್ತಿತ್ತು, ಅವರಿಗೆ ಅದು ನಿಜವಾಗಿಯೂ ಕೇಳಿಸುತ್ತಿತ್ತು.

ಇನ್ನು ರಾಸಾಯನಿಕದ ವಿಷಯ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನೆನೆಸಿಕೊಳ್ಳಿ. ಪೀಪಿ, ಕೂಗಾಟ, ಸಾವಿರ ದನಿ. ಅಷ್ಟರ ನಡುವೆಯೂ "ಅಮ್ಮಾ" ಅಂತ ನಿಮ್ಮ ಮಗು ಕರೆದರೆ ತಿರುಗಿ ನೋಡ್ತೀರಿ. ಉಳಿದದ್ದು ನಿಮಗಲ್ಲ ಎಂದು ಮಿದುಳು ಬಿಟ್ಟುಬಿಡುತ್ತದೆ. "ಇದು ಮುಖ್ಯ" ಎಂದು ಗುರುತು ಹಾಕುವ ಕೆಲಸದಲ್ಲಿ ಡೋಪಮೈನ್ ಎಂಬ ರಾಸಾಯನಿಕಕ್ಕೆ ಪಾತ್ರವಿದೆ. ಸ್ಕಿಜೋಫ್ರೀನಿಯಾದಲ್ಲಿ ಮಿದುಳಿನ ಒಳಭಾಗವೊಂದರಲ್ಲಿ ಅದು ಹೆಚ್ಚಾಗಿ ತಯಾರಾಗುವುದನ್ನು ಪೆಟ್ ಸ್ಕ್ಯಾನ್‌ಗಳು ತೋರಿಸಿವೆ. ಆಗ ಬಸ್ಸಿನ ಹಾರ್ನು, ಟಿವಿಯ ವಾರ್ತೆ, ಪಕ್ಕದ ಮನೆಯ ನಗು, ಎಲ್ಲವೂ ತನಗೇ ಹೇಳಿದ ಹಾಗೆ ಅನ್ನಿಸುತ್ತದೆ ಎಂಬುದು ಹಲವು ತಜ್ಞರ ವಿವರಣೆ. ಡಾಕ್ಟರು ಕೊಡುವ ಹೆಚ್ಚಿನ ಮಾತ್ರೆಗಳು ಈ ಡೋಪಮೈನ್‌ನ ಪ್ರಭಾವವನ್ನೇ ತಗ್ಗಿಸುತ್ತವೆ. ವಾಸಿಯಾಯಿತು ಎಂದು ನಾವಾಗೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ಮೈ ನಡುಕ, ಅತಿ ನಿದ್ದೆ ಇದ್ದರೆ ಡಾಕ್ಟರಿಗೇ ಹೇಳಿ.

ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಈ ಸಂಶೋಧನೆ ವರ್ಷಗಳಿಂದ ನಡೆದಿದೆ. ಅಲ್ಲಿನ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರಿಗೆ 2018ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಇನ್ನೂ ಮಾತ್ರೆ ಶುರು ಮಾಡದ ರೋಗಿಗಳನ್ನೂ ಅವರ ತಂಡ ಅಧ್ಯಯನ ಮಾಡಿದೆ. ಮಿದುಳಿನ ಬದಲಾವಣೆ ಕಾಯಿಲೆಯದೋ ಮಾತ್ರೆಯದೋ ಎಂದು ತಿಳಿಯಲು ಇದು ಬೇಕು.

ಹಾಗಾದರೆ ನಮ್ಮ ಹುಡುಗನಿಗೂ ಸ್ಕ್ಯಾನ್ ಮಾಡಿಸಿ ಕಾಯಿಲೆ ಕಂಡುಹಿಡಿಯಬಹುದಲ್ಲ? ಆಗುವುದಿಲ್ಲ. ಸರಾಸರಿಯಲ್ಲಿ ಗಂಡಸರು ಹೆಂಗಸರಿಗಿಂತ ಎತ್ತರ. ಆದರೆ ಎತ್ತರ ಮಾತ್ರ ಹೇಳಿದರೆ ಅದು ಗಂಡೋ ಹೆಣ್ಣೋ ಅಂತ ಹೇಳೋಕಾಗುತ್ತಾ? ಸ್ಕ್ಯಾನ್‌ನಲ್ಲಿ ಸಿಕ್ಕ ವ್ಯತ್ಯಾಸವೂ ಹಾಗೆಯೇ, ಗುಂಪು ಗುಂಪಿನ ನಡುವಿನದು. ಫಿಟ್ಸ್, ತಲೆಗೆ ಪೆಟ್ಟು ಅಥವಾ ಗಡ್ಡೆಯ ಅನುಮಾನವಿದ್ದರೆ ಡಾಕ್ಟರೇ ಸ್ಕ್ಯಾನ್ ಬರೆದುಕೊಡುತ್ತಾರೆ, ಆಗ ತಪ್ಪದೆ ಮಾಡಿಸಿ. ಅವರು ಹೇಳದೆ ಸಾಲ ಮಾಡಿ ಸ್ಕ್ಯಾನ್ ಸೆಂಟರಿಗೆ ಹೋಗಬೇಡಿ.

ಡಾಕ್ಟರಿಗೆ ಬೇಕಾದದ್ದು ನಿಮ್ಮ ಮಾತು. ನಿದ್ದೆ ಯಾವಾಗಿನಿಂದ ಕೆಟ್ಟಿದೆ, ಒಬ್ಬರೇ ಮಾತಾಡುತ್ತಾರಾ, ಹಿಂದೆ ಯಾವ ಮಾತ್ರೆ ಕೊಟ್ಟಿದ್ದರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬರೆಯಲು ಬಾರದಿದ್ದರೆ ಸಂಘದಲ್ಲಿ ಲೆಕ್ಕ ಬರೆಯುವವರಿಂದ ಬರೆಸಿ. ಹೊರಡುವ ಮೊದಲು ಕೇಳುವುದಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.