ನಡುವೆ ಎದ್ದು ಹೋಗುವವರು

ತಮ್ಮಾ, ದೀಪಾವಳಿಗೆ ಬಂದಾಗ ನೀನು ಪಡಸಾಲೆಯ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಏನೋ ಓಡಿಸುತ್ತಿದ್ದೆ. ಒಂದೂವರೆ ಪಟ್ಟು ವೇಗದಲ್ಲಿ ಪಾತ್ರಗಳು ಗುಬ್ಬಿಯ ಹಾಗೆ ಚಿಂವ್‌ಗುಟ್ಟುತ್ತಿದ್ದವು. ಚಲೋ ಐತೇನೋ ಅಂದೆ. "ಇಲ್ಲ ಕಾಕಾ, ಭಾಳ ಬೋರು. ಆದ್ರ ಇನ್ನ ಎರಡ ಸೀಸನ್ ಉಳದಾವು" ಅಂದಿ. ಬೈಯಲು ನನಗೆ ಬಾಯಿರಲಿಲ್ಲ. ಅದೇ ರೋಗದಲ್ಲಿ ಐದಾರು ವರ್ಷ ಬಿದ್ದೆದ್ದವನು ನಾನು.

ಅನಮೋಡದ ನಮ್ಮ ಚಹಾದಂಗಡಿಯ ಟೀವಿ ನಿನಗೆ ನೆನಪಿರಬೇಕು. ಮೊಲ್ಲೆಂ ಕಡೆಯಿಂದ ಘಾಟಿ ಹತ್ತಿ ಬಂದ ಲಾರಿಗಳು ಎಂಜಿನ್ ಆರಲೆಂದು ನಿಲ್ಲುತ್ತಿದ್ದವು. ಒಳಗೆ 'ಪುಟ್ಟಗೌರಿ ಮದುವೆ' ನಡೆಯುತ್ತಿರುತ್ತಿತ್ತು. 2012ರ ಡಿಸೆಂಬರಿನಲ್ಲಿ ಶುರುವಾದ ಆ ಧಾರಾವಾಹಿ ಮುಗಿದದ್ದು 2019ರಲ್ಲಿ. ಬಾಲ್ಯವಿವಾಹದ ಕತೆಯೆಂದು ಕೂತೆ, ಚಿಕ್ಕ ಗೌರಿ ಇದ್ದಷ್ಟು ದಿನ ಮನಸ್ಸಿಟ್ಟೇ ನೋಡಿದೆ. ಆಮೇಲೆ ರುಚಿ ಕೆಟ್ಟಿತು. ಯಾವ ದಿನ ಎಂದು ಕೇಳಬೇಡ, ಅನ್ನ ಹಳಸುವ ಗಳಿಗೆಯನ್ನು ಯಾರು ಕಂಡಿದ್ದಾರೆ?

ಹೊಸಪೇಟೆ ಕಡೆಯ ಡ್ರೈವರನೊಬ್ಬ ಇಪ್ಪತ್ತು ದಿನಕ್ಕೊಮ್ಮೆ ಬರುವವ. ಬೆಂಚಿಗೆ ಕೂರುತ್ತಲೇ "ಏನಾತ್ರೀ ಗೌರಿ ಕತಿ?" ಅನ್ನುತ್ತಿದ್ದ. ನಾನು ಚಹಾ ಸೋಸುತ್ತ ಹೇಳುತ್ತಿದ್ದೆ. ಗ್ಲಾಸು ತುಂಬುವಷ್ಟರಲ್ಲಿ ಕತೆ ಮುಗಿದಿರುತ್ತಿತ್ತು. ಇಪ್ಪತ್ತು ರಾತ್ರಿಗಳ ಕತೆ, ಒಂದು ಗ್ಲಾಸು ಸೋಸುವಷ್ಟು! ಅವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ತೆರೆಯ ಮೇಲೆ ಅತ್ತೆಯ ಮಾತು ಅರ್ಧಕ್ಕಿರುವಾಗಲೇ ದುಡ್ಡಿಟ್ಟು ಎದ್ದು ಹೋಗುತ್ತಿದ್ದ. ನನಗೆ ಹಾಗೆ ಏಳಲು ಬರುತ್ತಿರಲಿಲ್ಲ.

ಗೌರಿ ಗುಡ್ಡದಿಂದ ಬಿದ್ದೂ ಬದುಕಿ, ಕಾಡಿನಲ್ಲಿ ಹುಲಿಗೆ ಎದುರಾದಾಗ ರಾಜ್ಯವೆಲ್ಲ ನಕ್ಕಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ ಬದುಕುವ ನಾವು ಎಲ್ಲರಿಗಿಂತ ಹೆಚ್ಚು ನಕ್ಕೆವು. ಆದರೆ ನಗಲಿಕ್ಕೂ ಟೀವಿ ಹಚ್ಚಿಯೇ ಕೂತಿದ್ದೆವು, ನೋಡು. 2015ರಿಂದ ಬಾರ್ಕ್ ಸಂಸ್ಥೆ ಕೆಲವು ಮನೆಗಳ ಟೀವಿಗೆ ಯಂತ್ರ ಕೂಡಿಸಿ ಲೆಕ್ಕ ಹಿಡಿಯುತ್ತದೆ. ಯಾವ ಚಾನೆಲ್ ಎಷ್ಟು ಹೊತ್ತು ಹತ್ತಿತ್ತು ಎಂಬುದು ಅದಕ್ಕೆ ಗೊತ್ತು. ಕೂತವನು ಅತ್ತನೋ, ಕ್ಯಾಕರಿಸಿ ಬೈದನೋ ಗೊತ್ತಿಲ್ಲ. ಬೈದುಕೊಂಡು ನೋಡಿದವನದೂ ಅದೇ ಲೆಕ್ಕಕ್ಕೆ ಜಮಾ.

ಯಾಕೆ ಬಿಡಲಾಗುವುದಿಲ್ಲ? ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಅಮೆರಿಕದಲ್ಲಿ 1985ರಲ್ಲಿ ಬರೆದದ್ದನ್ನು ನಿನ್ನ ಅಕ್ಕ ಓದಿ ಹೇಳಿದಳು. ಒಹಾಯೊದ ಒಂದು ವಿಶ್ವವಿದ್ಯಾಲಯದಲ್ಲಿ ನಾಟಕಗಳ ಇಡೀ ಹಂಗಾಮಿನ ಟಿಕೆಟ್ಟನ್ನು ಕೆಲವರಿಗೆ ಪೂರ್ತಿ 15 ಡಾಲರಿಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಟ್ಟರಂತೆ. ನಾಟಕಗಳು ಅವೇ, ಕುರ್ಚಿಗಳೂ ಅವೇ. ಮೊದಲರ್ಧ ಹಂಗಾಮಿನಲ್ಲಿ ಪೂರ್ತಿ ದುಡ್ಡು ತೆತ್ತವರೇ ಹೆಚ್ಚು ನಾಟಕಕ್ಕೆ ಹೋದರು. ಕೊಟ್ಟದ್ದು ವಸೂಲಾಗಬೇಕಲ್ಲ! ಹಂಗಾಮಿನ ಉಳಿದರ್ಧಕ್ಕೆ ಆ ವ್ಯತ್ಯಾಸ ನಿಲ್ಲಲಿಲ್ಲವಂತೆ. ಜಾಣರು, ಕೊಟ್ಟದ್ದನ್ನು ಬೇಗ ಮರೆತರು. ನಾವು ಕೊಡುವುದು ಹೊತ್ತು. ದಿನಾ ಅರ್ಧ ಗಂಟೆ ಹೊಸದಾಗಿ ಕೊಡುವುದರಿಂದ ಸಾಲ ಹಳತಾಗುವುದೇ ಇಲ್ಲ.

ನಿನ್ನ ಕಾಕಿಯ ಮಾತು ಬೇರೆ. ಅವಳು ನೋಡುವುದು ಮರುದಿನ ಬಾವಿಕಟ್ಟೆಯಲ್ಲಿ ನಾಲ್ವರ ಜೊತೆ ಸೇರಿ ಆ ಅತ್ತೆಯನ್ನು ಜಾಡಿಸಲಿಕ್ಕೆ. ಅದಕ್ಕೆ ನಾನು ಅಡ್ಡ ಬರುವವನಲ್ಲ. ನೀನು ಬೆಳಗಾವಿಯ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ನೋಡುತ್ತೀ, ಯಾರ ಮುಂದೆಯೂ ಹೇಳುವುದಿಲ್ಲ.

ಆರ್‌ಸಿಬಿ ನೋಡಲಿಲ್ಲವೇನು ನೀವು, 2008ರಿಂದ 2025ರ ಜೂನ್‌ವರೆಗೆ, ಕಪ್ಪಿಲ್ಲದೆ? ಎಂದು ನೀನು ಕೇಳುವೆ. ನೋಡಿದೆ, ಸೋತ ರಾತ್ರಿ ಊಟ ಬಿಟ್ಟೆ. ಆದರೆ ಒಂದು ಓವರನ್ನೂ ಓಡಿಸಿ ನೋಡಬೇಕೆನಿಸಲಿಲ್ಲ. ಸಂಕಟವೇ ಬೇರೆ, ಬೇಸರವೇ ಬೇರೆ ಮಗಾ. ಬೇಗ ಮುಗಿಯಲಿ ಎಂದು ಬೆರಳು ತಾನಾಗಿ ವೇಗದ ಗುಂಡಿಗೆ ಹೋದರೆ, ಬೆರಳಿಗೆ ತಿಳಿದದ್ದು ನಿನಗೆ ಇನ್ನೂ ತಿಳಿದಿಲ್ಲ. ಆಗ ಒಮ್ಮೆ ಕೇಳಿಕೋ: ಇದು ಇವತ್ತೇ ಮೊದಲ ಸಲ ಕಣ್ಣಿಗೆ ಬಿದ್ದಿದ್ದರೆ ಕೂರುತ್ತಿದ್ದೆನೇ? ಇಲ್ಲವೆಂದರೆ ಅಲ್ಲೇ ಬಿಡು. ಕೊನೆ ಏನಾಯಿತೆಂಬ ಕಡಿತ ಎರಡು ದಿನ ಇರುತ್ತದೆ. ತಡೆಯದಿದ್ದರೆ ಗೆಳೆಯನನ್ನು ಕೇಳು, ಚಹಾ ಸೋಸುವಷ್ಟರಲ್ಲಿ ಹೇಳಿ ಮುಗಿಸುತ್ತಾನೆ.

ನಾನು ಬಿಟ್ಟದ್ದು ಬುದ್ಧಿಯಿಂದಲ್ಲ, ಮಳೆಯಿಂದ. ಒಂದು ಆಷಾಢದಲ್ಲಿ ಮರ ಬಿದ್ದು ಒಂಬತ್ತು ದಿನ ಕರೆಂಟು ಬರಲಿಲ್ಲ. ಮೊದಲ ಎರಡು ಸಂಜೆ ಕೈ ರಿಮೋಟು ಹುಡುಕಿತು. ಆರನೆಯ ದಿನ ಆ ಡ್ರೈವರ ನೆನೆದ ಟವೆಲ್ ಹಿಂಡುತ್ತ ಒಳಗೆ ಬಂದು "ಏನಾತ್ರೀ ಗೌರಿ ಕತಿ?" ಅಂದ. "ಗೊತ್ತಿಲ್ಲಪಾ" ಅಂದೆ. ಅವನು ತಲೆಯಾಡಿಸಿ, ಕೆಳಗೆ ಘಾಟಿಯಲ್ಲಿ ಮಣ್ಣು ಜರಿದು ರಾತ್ರಿಯೆಲ್ಲ ಲಾರಿಯೊಳಗೇ ಕೂತದ್ದನ್ನು ಹೇಳತೊಡಗಿದ. ಸೋಸಿಟ್ಟ ಇಬ್ಬರ ಚಹಾವೂ ಆರಿ ಕೆನೆ ಕಟ್ಟಿತು.