ಹಡಗಿನಲ್ಲಿ ಬಿಡುವಿಗೂ ಜಾಗವಿರಲಿ

ಚಳಿಗಾಲದಲ್ಲಿ ಕೊಚ್ಚಿಯಿಂದಲೋ ಮುಂಬೈಯಿಂದಲೋ ಲಕ್ಷದ್ವೀಪಕ್ಕೆ ಹಡಗೇರುವ ದಂಪತಿಗಳು ನೋಡುವ ದ್ವೀಪಗಳ ಪಟ್ಟಿಗಿಂತ ಸಮುದ್ರದಲ್ಲೇ ಕಳೆಯುವ ಹೊತ್ತಿಗೆ ಬೆಲೆ ಕೊಡುವುದು ಒಳ್ಳೆಯದು. ಅಲ್ಲಿನ ಲಗೂನುಗಳಿಗೆ ಆಳವಿಲ್ಲ. ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ಲಂಗರು ಹಾಕುತ್ತದೆ. ದ್ವೀಪಕ್ಕಿಳಿಯಲು ಲೈಫ್ ಜಾಕೆಟ್ ತೊಟ್ಟು, ಸರದಿಯಲ್ಲಿ ನಿಂತು, ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ಕಾಲಿಡಬೇಕು. ದಿನವೂ ಇದೇ ಆದರೆ ವಿಶ್ರಾಂತಿ ಎಲ್ಲಿಂದ ಬಂತು? ಇಷ್ಟು ದುಡ್ಡು ಕೊಟ್ಟು ಸುಮ್ಮನೆ ಕೂರುವುದೇ ಎಂದು ನೀವು ಕೇಳಬಹುದು. ಅಡುಗೆ, ಫೋನು, ಟ್ರಾಫಿಕ್ಕಿನ ಕಾಟವಿಲ್ಲದೆ ಇಬ್ಬರೂ ಡೆಕ್ಕಿನಲ್ಲಿ ಕೂತು ಮಾತಾಡುವ ಮಧ್ಯಾಹ್ನಕ್ಕೇ ಅಲ್ಲವೇ ಆ ದುಡ್ಡು! ಹೊಟ್ಟೆ ತೊಳಸುವ ಭಯವಿದ್ದರೆ ಹಡಗಿನ ನಡುಭಾಗದ ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ. ಮುಂಗಾರಿಗೆ ಹೋಲಿಸಿದರೆ ಜನವರಿಯ ಅರಬ್ಬೀ ಸಮುದ್ರವೂ ಶಾಂತ. ದ್ವೀಪ ಪ್ರವೇಶದ ಪರವಾನಗಿಯನ್ನು ಮಾತ್ರ ಮೊದಲೇ ಮಾಡಿಸಿಕೊಳ್ಳಿ.